ಮೈನ್ ಯಾರ ಮೇಲೆ ಸಿಡೀಬೇಕು?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟಿಗೆ ಒಂದು ಸ್ಪೇಸ್ ಸ್ಟ್ರಾಟಜಿ ಗೇಮ್ ಬರೆದೆವು. ಟರ್ನ್ ಪ್ರಕಾರ ಆಡೋದು, ಗ್ರಹಗಳನ್ನು ಹಿಡಿಯೋದು, ಗಡಿಯಲ್ಲಿ ಮೈನ್ ಹಾಸಿ ಶತ್ರು ನೌಕೆಗಳನ್ನು ತಡೆಯೋದು. ಹಾಸ್ಟೆಲ್ ರೂಮಲ್ಲಿ ಟೆಸ್ಟ್ ಮಾಡಲು ಕೂತಾಗ ಒಬ್ಬ ಗೆಳೆಯ ಸತತ ಮೂರು ಆಟದಲ್ಲಿ ತನ್ನ ಅತಿ ದುಬಾರಿ ನೌಕೆಯನ್ನು ಮೈನಿಗೇ ಕಳ್ಕೊಂಡ. "ಏನ್ ಮಗಾ, ನಿಮ್ ಮೈನಿಗೆ ನನ್ ಹಡಗಿನ ಅಡ್ರೆಸ್ ಕೊಟ್ಟಿದ್ದೀರಾ?" ಅಂದ.

ಕೋಡ್ ತೆಗೆದು ನೋಡಿದರೆ ಅವನು ಹೇಳಿದ್ದು ನಿಜ! ನೌಕೆಗಳ ಪಟ್ಟಿಯನ್ನು ಐಡಿ ಕ್ರಮದಲ್ಲಿ ಲೂಪ್ ಮಾಡಿ, ಮೈನ್ ಖಾಲಿ ಆಗುವವರೆಗೆ ಮೇಲಿನಿಂದ ಹೊಡೀತಾ ಹೋಗಿದ್ದೆವು. ಯಾವುದನ್ನು ಮೊದಲು ಕಟ್ಟಿದ್ದಾರೋ ಅದೇ ಮೊದಲು ಸಾಯ್ತಿತ್ತು. ಈ ಗೆಳೆಯನೋ, ಯಾವಾಗಲೂ ದೊಡ್ಡದನ್ನೇ ಮೊದಲು ಕಟ್ಟುವವನು. ಲೂಪ್ ಸರಿಮಾಡೋದು ಐದು ನಿಮಿಷದ ಕೆಲಸ. ಅದರ ಜಾಗಕ್ಕೆ ಯಾವ ನಿಯಮ ತರಬೇಕು ಅನ್ನೋದಕ್ಕೆ ಮಾತ್ರ ಎರಡು ವಾರ ಜಗಳ ಆಡಿದೆವು. ಆ ಜಗಳದ ಸಾರಾಂಶ ಇಲ್ಲಿದೆ.

ಮೊದಲ ಸಲಹೆ: ಎಲ್ಲರಿಗೂ ಒಂದೇ ಏಟು. ಫ್ರೀಓರಿಯನ್ ಅನ್ನೋ ಓಪನ್ ಸೋರ್ಸ್ ಗೇಮಿನಲ್ಲಿ ಹೆಚ್ಚುಕಡಿಮೆ ಹೀಗೇ ಇದೆ. ನಿಮ್ಮ ಸಪ್ಲೈ ವ್ಯಾಪ್ತಿಯೊಳಗೆ ಬಂದ ಶತ್ರು ನೌಕೆಗಳಿಗೆಲ್ಲ ಪ್ರತಿ ಟರ್ನ್ ಏಟು ಬೀಳುತ್ತೆ. ಸರಳ, ಅದೃಷ್ಟದ ಆಟವೇ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಏಟು 30 ಅಂದುಕೊಳ್ಳಿ. 1000 ಬಲದ ಒಂದೇ ನೌಕೆ ಇದ್ದರೆ ಹೋಗೋದು 30, ಅಂದರೆ 3%. ಅದೇ ಬಲವನ್ನು 100ರ ಹತ್ತು ನೌಕೆಗಳಾಗಿ ಹಂಚಿದ್ದರೆ ಹೋಗೋದು 300, ಅಂದರೆ 30%. ನಾಲ್ಕನೇ ಟರ್ನಿಗೆ ಹತ್ತೂ ಢಮಾರ್. ಸಣ್ಣ ನೌಕೆಗಳಲ್ಲಿ ಆಡುವವನಿಗೆ ಇದು ದೊಡ್ಡ ಅನ್ಯಾಯ ಅಲ್ವಾ?

ಎರಡನೇ ಸಲಹೆ: ಫ್ಲೀಟಿನಲ್ಲಿ ಯಾದೃಚ್ಛಿಕವಾಗಿ ಒಂದನ್ನು ಆರಿಸೋಣ. ಕೇಳೋಕೆ ನ್ಯಾಯವಾಗೇ ಇದೆ. ಆಡುವವರು ಒಂದೇ ಸಂಜೆಯಲ್ಲಿ ಇದರ ತೂತು ಹುಡುಕಿದರು. ಒಂದು ದೊಡ್ಡ ನೌಕೆಯ ಜೊತೆ ಒಂಬತ್ತು ಅಗ್ಗದ ಸ್ಕೌಟ್‌ಗಳನ್ನು ಕಳಿಸಿದರೆ ದೊಡ್ಡದಕ್ಕೆ ಏಟು ಬೀಳುವ ಸಾಧ್ಯತೆ ಹತ್ತರಲ್ಲಿ ಒಂದು ಮಾತ್ರ. ಸ್ಕೌಟ್‌ಗಳು ಕುರಿಗಳ ಹಾಗೆ ಬಲಿಯಾಗುತ್ತವೆ, ಯುದ್ಧನೌಕೆ ಆರಾಮಾಗಿ ದಾಟುತ್ತೆ.

ಮೂರನೇದು: ಅತಿ ದುರ್ಬಲವಾದದ್ದನ್ನು ಹೊಡೆಯೋಣ. ಆಗ ಯುದ್ಧದಲ್ಲಿ ಪೆಟ್ಟು ತಿಂದು ಹಿಂದಿರುಗುವ ನೌಕೆಗೆ ಉಳಿಗಾಲವೇ ಇಲ್ಲ. ಹಿಂದೆ ಸರಿಯೋದರಲ್ಲಿ ಅರ್ಥ ಇಲ್ಲ ಅಂತಾದರೆ ಆಟದ ಒಂದು ಒಳ್ಳೆಯ ನಿರ್ಧಾರವೇ ಸತ್ತ ಹಾಗೆ. ಅತಿ ದುಬಾರಿಯಾದದ್ದನ್ನು ಹೊಡೆದರೂ ಕಷ್ಟವೇ. ಆಗ ಅದು ಮೈನ್ ಆಗಿ ಉಳಿಯಲ್ಲ, ಸ್ನೈಪರ್ ಆಗಿಬಿಡುತ್ತೆ.

ಇಲ್ಲಿ ನಮಗೆ ದಾರಿ ತೋರಿಸಿದ್ದು 1990ರ ದಶಕದ 'ಸ್ಟಾರ್ಸ್!' ಅನ್ನೋ ಹಳೇ ಗೇಮ್. ಅದರಲ್ಲಿ ಸಾಮಾನ್ಯ ಮೈನ್‌ಫೀಲ್ಡ್ ಒಳಗೆ ವಾರ್ಪ್ 4ರವರೆಗೆ ಹೋದರೆ ಅಪಾಯವಿಲ್ಲ. ಅದಕ್ಕಿಂತ ಮೇಲಿನ ಪ್ರತಿ ವಾರ್ಪಿಗೆ, ಸಾಗಿದ ಪ್ರತಿ ಜ್ಯೋತಿರ್ವರ್ಷಕ್ಕೆ, 0.3% ಅಪಾಯ. ಒಂದು ಟರ್ನಿನಲ್ಲಿ ಸಾಗುವ ದೂರ ವಾರ್ಪಿನ ವರ್ಗ. ಈಗ 81 ಜ್ಯೋತಿರ್ವರ್ಷ ಅಗಲದ ಮೈನ್‌ಫೀಲ್ಡ್ ದಾಟಬೇಕು ಅನ್ನಿ. ವಾರ್ಪ್ 9ರಲ್ಲಿ ಒಂದೇ ಟರ್ನ್ ಸಾಕು. ಆದರೆ ಪ್ರತಿ ಜ್ಯೋತಿರ್ವರ್ಷಕ್ಕೆ 1.5% ಅಪಾಯ. ಪಾರಾಗುವ ಸಾಧ್ಯತೆ 0.985ರ 81ನೇ ಘಾತ, ಅಂದರೆ ಸುಮಾರು 29%. ವಾರ್ಪ್ 6ರಲ್ಲಿ ಮೂರು ಟರ್ನ್ ಬೇಕು, ಪಾರಾಗುವ ಸಾಧ್ಯತೆ ಸುಮಾರು 61%. ವಾರ್ಪ್ 4ರಲ್ಲಿ ಪೂರ್ತಿ ಸುರಕ್ಷಿತ, ಆದರೆ ಆರು ಟರ್ನ್. ಅಷ್ಟರಲ್ಲಿ ಶತ್ರು ಕೋಟೆ ಕಟ್ಟಿ ಮುಗಿಸಿರ್ತಾನೆ.

ನೋಡಿ, ಇಲ್ಲಿ ಮೈನ್ ಯಾರನ್ನೂ ಹುಡುಕಿಕೊಂಡು ಹೋಗಲ್ಲ. ಎಷ್ಟು ಅಪಾಯ ಮೈಮೇಲೆ ಎಳ್ಕೋಬೇಕು ಅಂತ ನೌಕೆ ನಡೆಸುವವನೇ ತೀರ್ಮಾನ ಮಾಡ್ತಾನೆ.

ನಿಜವಾದ ಸಮುದ್ರದ ಮೈನ್‌ಗಳೂ ಹಾಗೇ. ಎರಡನೇ ಮಹಾಯುದ್ಧದ ಮ್ಯಾಗ್ನೆಟಿಕ್ ಮೈನ್‌ಗೆ ಹಡಗುಗಳ ಪಟ್ಟಿ ಗೊತ್ತಿರಲಿಲ್ಲ. ಉಕ್ಕಿನ ಹಡಗು ಹತ್ತಿರ ಬಂದಾಗ ಕಾಂತಕ್ಷೇತ್ರದಲ್ಲಿ ಆಗುವ ಬದಲಾವಣೆಗೆ ಅದು ಸಿಡೀತಿತ್ತು. 1939ರಲ್ಲಿ ಬ್ರಿಟಿಷರಿಗೆ ಅಂಥದ್ದೊಂದು ಜರ್ಮನ್ ಮೈನ್ ಸಿಡಿಯದೆ ಸಿಕ್ಕಿತು. ಅದನ್ನು ಬಿಚ್ಚಿ ನೋಡಿದ ಮೇಲೆ, ಹಡಗಿಗೆ ಕೇಬಲ್ ಸುತ್ತಿ ಕರೆಂಟ್ ಹರಿಸಿ ಅದರ ಕಾಂತತ್ವವನ್ನು ತಗ್ಗಿಸೋದನ್ನು ವ್ಯಾಪಕವಾಗಿ ಜಾರಿಗೆ ತಂದರು. ಮೈನ್ ಏನನ್ನು ಗ್ರಹಿಸುತ್ತೆ ಅಂತ ಗೊತ್ತಾದರೆ ಎದುರಾಳಿ ಉತ್ತರ ಹುಡುಕಬಲ್ಲ. ಗೇಮಿಗೂ ಬೇಕಾಗಿರೋದು ಅದೇ.

ಕೊನೆಗೆ ನಾವು ಟಾರ್ಗೆಟ್ ಆರಿಸುವ ಫಂಕ್ಷನ್ನನ್ನೇ ಅಳಿಸಿ ಹಾಕಿದೆವು. ಈಗ ಪ್ರತಿ ನೌಕೆಗೂ ಬೇರೆ ಬೇರೆ ದಾಳ. ಅಪಾಯ ನೌಕೆಯ ಗಾತ್ರ, ಸುರಕ್ಷಿತ ಮಿತಿ ಮೀರಿದ ವೇಗ, ಸಾಗಿದ ದೂರ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿ ಇರುತ್ತೆ. ಪಟ್ಟಿಯ ಕ್ರಮ ಲೆಕ್ಕಕ್ಕೇ ಬರಲ್ಲ. ಸ್ಕೌಟ್‌ಗಳು ಗುರಾಣಿ ಆಗಲ್ಲ, ಯಾಕಂದ್ರೆ ದೊಡ್ಡ ನೌಕೆಯ ದಾಳ ಅದರದ್ದೇ. 1000ದ ಒಂದು ನೌಕೆಯಾದರೂ 100ರ ಹತ್ತಾದರೂ, ಒಟ್ಟಿಗೆ ಹೋದರೂ ಬಿಡಿಬಿಡಿಯಾಗಿ ಹೋದರೂ, ಸರಾಸರಿ ಏಟು ಒಂದೇ. ಜೊತೆಗೆ, ಮೂವ್ ಕನ್ಫರ್ಮ್ ಮಾಡುವ ಮೊದಲೇ ಪ್ರತಿ ನೌಕೆಯ ಅಪಾಯ ಎಷ್ಟು ಶೇಕಡಾ ಅಂತ ಪರದೆಯ ಮೇಲೆ ತೋರಿಸ್ತೀವಿ. ಗೊತ್ತಿಲ್ಲದ ನಿಯಮದಿಂದ ಸೋತವನಿಗೆ ಸಿಟ್ಟು ಬರುತ್ತೆ. ಗೊತ್ತಿದ್ದೂ ಸೋತವನು ಇನ್ನೊಂದು ಆಟ ಕೇಳ್ತಾನೆ.

ಅದೇ ಗೆಳೆಯ ಮತ್ತೆ ಆಡಿದ. ಪರದೆ 68% ಅಂತ ತೋರಿಸ್ತಿದ್ದರೂ ಪೂರ್ತಿ ವೇಗದಲ್ಲಿ ನುಗ್ಗಿ ಅದೇ ದೊಡ್ಡ ನೌಕೆಯನ್ನು ಕಳ್ಕೊಂಡ. ಈ ಸಲ ಮೈನಿಗೆ ಬೈಯಲಿಲ್ಲ. "ಥೂ, ನಿಧಾನಕ್ಕೆ ಹೋಗಬೇಕಿತ್ತು" ಅಂದು ಹೊಸ ಆಟ ಶುರು ಮಾಡಿದ.