ನಾಯಿಗೆ ಎರಡು ಕಡೆ ‘ಡಾಗ್’

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಕೇರ್ನ್ಸ್ ನಗರದ ನೈಋತ್ಯಕ್ಕೆ, ಎಂಬಬರಂ ಎಂಬ ಮೂಲನಿವಾಸಿಗಳ ಭಾಷೆಯೊಂದಿತ್ತು. 1960ರ ದಶಕದಲ್ಲಿ ಭಾಷಾವಿಜ್ಞಾನಿ ಆರ್.ಎಂ.ಡಬ್ಲ್ಯು. ಡಿಕ್ಸನ್ ಹುಡುಕಿಕೊಂಡು ಹೋಗುವ ಹೊತ್ತಿಗೆ ಅದನ್ನು ಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಅವರಲ್ಲೊಬ್ಬರಾದ ಆಲ್ಬರ್ಟ್ ಬೆನೆಟ್, ನಾಯಿಗೆ ತಾವು ‘ಡಾಗ್’ ಎನ್ನುವುದಾಗಿ ಹೇಳಿದರು. ಇಂಗ್ಲಿಷಿನಿಂದ ಬಂದ ಎರವಲು ಎಂದೇ ಯಾರಿಗಾದರೂ ಅನ್ನಿಸಬೇಕು.

ಆದರೆ ಅದು ಎರವಲಲ್ಲ. ಹತ್ತಿರದ ಯಿಡಿನ್ ಭಾಷೆಯಲ್ಲಿ ನಾಯಿಗೆ ‘ಗುಡಗ’, ಜಿರ್ಬಲ್‌ನಲ್ಲಿ ‘ಗುಡ’. ಎಂಬಬರಂ ಭಾಷೆಯಲ್ಲಿ ಪದದ ಮೊದಲ ಅಕ್ಷರ ಕಾಲಕ್ರಮೇಣ ಉದುರಿಹೋಯಿತು. ಉದುರುವ ಮುನ್ನ ಆ ‘ಗ’ಕಾರ ಮುಂದಿನ ‘ಅ’ವನ್ನು ‘ಒ’ದತ್ತ ಎಳೆದಿತ್ತು. ಕೊನೆಯ ಸ್ವರವೂ ಸವೆಯಿತು. ‘ಗುಡಗ’ದಲ್ಲಿ ಉಳಿದದ್ದು ‘ಡಾಗ್’! ಇತ್ತ ಇಂಗ್ಲಿಷಿನ ಪದದ ಹಳೆಯ ರೂಪ ‘ಡೊಗ್ಗ’. ಅದರ ಹುಟ್ಟು ಇಂದಿಗೂ ಒಗಟು. ನಾಯಿಗೆ ಅಲ್ಲಿ ಮೊದಲು ಬಳಕೆಯಲ್ಲಿದ್ದದ್ದು ‘ಹುಂಡ್’. ಒಂದೇ ಪ್ರಾಣಿ, ಹೆಚ್ಚುಕಡಿಮೆ ಒಂದೇ ಉಚ್ಚಾರ, ಆದರೂ ನಂಟಿಲ್ಲ.

ನಮ್ಮ ಬಾಯಲ್ಲೇ ಇರುವ ‘ಬದ್ಮಾಷ್’ ನೋಡಿ. ಅದರಲ್ಲಿನ ‘ಬದ್’ ಪಾರಸಿ ಪದ, ಅರ್ಥ, ಕೆಟ್ಟ. ಇಂಗ್ಲಿಷಿನ ‘ಬ್ಯಾಡ್’ ಕೂಡ ಅದೇ ಅರ್ಥದ್ದು, ರೋಮನ್ ಲಿಪಿಯಲ್ಲಿ ಬರೆದರೆ ಎರಡರ ಕಾಗುಣಿತವೂ ಒಂದೇ. ಆದರೆ ಪಾರಸಿಯ ಹಿಂದಿನ ಹಂತದಲ್ಲಿ ಅದು ‘ವದ್’. ಹಿಂದಕ್ಕೆ ಹೋದಂತೆ ಹೋಲಿಕೆ ಕರಗುತ್ತದೆ.

ಇದರಲ್ಲಿ ಪವಾಡವೇನಿಲ್ಲ. ಬಹುತೇಕ ಭಾಷೆಗಳು ಕೆಲವೇ ಡಜನ್ ಧ್ವನಿಗಳಿಂದ ಸಾವಿರಾರು ಪದ ಕಟ್ಟುತ್ತವೆ. ಜಗತ್ತಿನಲ್ಲಿರುವ ಭಾಷೆಗಳೂ ಸಾವಿರಾರು. ಎರಡು ಮೂರು ಧ್ವನಿಗಳ ಚಿಕ್ಕ ಪದಗಳು ಅಲ್ಲಲ್ಲಿ ಒಂದೇ ಥರ ಕೇಳಿಸಲೇಬೇಕು.

ಹಾಗಾದರೆ ನಿಜವಾದ ನೆಂಟಸ್ತನ ಗುರುತಿಸುವುದು ಹೇಗೆ? ತಮಿಳಿನ ‘ಪಾಲ್’, ‘ಪುಲಿ’, ‘ಪೂ’ಗಳ ಪಕ್ಕದಲ್ಲಿ ನಮ್ಮ ಹಾಲು, ಹುಲಿ, ಹೂಗಳನ್ನಿಟ್ಟು ನೋಡಿ. ಹಳಗನ್ನಡದಲ್ಲೂ ಇವು ‘ಪ’ಕಾರದವೇ, ಆಮೇಲೆ ಸಾಲಾಗಿ ‘ಹ’ಕಾರಕ್ಕೆ ತಿರುಗಿದವು. ವ್ಯತ್ಯಾಸದಲ್ಲೂ ಒಂದು ಕ್ರಮವಿದೆ, ಪದದಿಂದ ಪದಕ್ಕೆ ಅದೇ ಕ್ರಮ. ಭಾಷಾವಿಜ್ಞಾನ ನಂಬುವುದು ಈ ಕ್ರಮವನ್ನು. ಒಂಟಿ ಪದದ ಹೋಲಿಕೆಯನ್ನಲ್ಲ.

ದೂರದ ಯಾವುದೋ ಭಾಷೆಯ ಪದವೊಂದು ಕನ್ನಡದಂತೆಯೇ ಇದೆ, ಹಾಗಾಗಿ ಎರಡಕ್ಕೂ ಮೂಲ ಒಂದೇ ಎಂಬ ಸಂದೇಶ ಮೊಬೈಲಿಗೆ ಬಂದರೆ, ಮುಂದಕ್ಕೆ ಕಳಿಸುವ ಮುಂಚೆ ಅದೇ ಕ್ರಮದ ಇನ್ನಷ್ಟು ಜೋಡಿಗಳನ್ನು ಕೇಳಿ.