ಕಾಣದ ಏರು: ಅರಸೀಕೆರೆಯಿಂದ ಬೇಲೂರಿಗೆ ಸೈಕಲ್ಲಿನಲ್ಲಿ

ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಒಬ್ಬನೇ ಸೈಕಲ್ ತುಳಿಯುತ್ತೇನೆ ಎಂದಾಗ ಮನೆಯವರು, ಗೆಳೆಯರು, ಪಂಚರ್ ಅಂಗಡಿಯವರು ಎಲ್ಲರೂ ಒಂದೊಂದು ಬುದ್ಧಿಮಾತು ಹೇಳಿದರು. ಅಕ್ಕರೆಯಿಂದಲೇ ಹೇಳಿದರು. ಆದರೆ ಆ ಮಾತುಗಳಲ್ಲಿ ಹೆಚ್ಚಿನವು ದಾರಿಯಲ್ಲಿ ನಿಲ್ಲಲಿಲ್ಲ.

ತಪ್ಪು ಕಲ್ಪನೆ: ಬೇಲೂರು ಅಂದರೆ ಮಲೆನಾಡು, ದಾರಿಯುದ್ದಕ್ಕೂ ಘಾಟಿ.

ವಾಸ್ತವ: ಘಾಟಿಯೇ ಬೇಕಿದ್ದರೆ ಸಕಲೇಶಪುರ ದಾಟಿ ಶಿರಾಡಿಗೆ ಹೋಗಬೇಕು, ಇಲ್ಲವೇ ಚಿಕ್ಕಮಗಳೂರಿನಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆ ತಿರುಗಬೇಕು. ಈ ದಾರಿಯಲ್ಲಿ ಒಂದೂ ಹೇರ್‌ಪಿನ್ ತಿರುವಿಲ್ಲ. ಹಾಗೆಂದು ಇದು ಸಮತಟ್ಟೂ ಅಲ್ಲ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ ಬೇಲೂರು ಸುಮಾರು 970ರಲ್ಲಿದೆ. ಅರವತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಆ ಏರು ಹಂಚಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ತಗ್ಗು ಸಿಕ್ಕಲ್ಲೆಲ್ಲ ನಮ್ಮ ಹಿರಿಯರು ಕೆರೆ ಕಟ್ಟಿದ್ದಾರೆ. ರಸ್ತೆ ಕೆರೆಯ ಕಡೆಗೆ ಇಳಿಯುತ್ತದೆ, ಮತ್ತೆ ದಿಬ್ಬ ಹತ್ತುತ್ತದೆ.

ಈ ದಾರಿಯ ದೊಡ್ಡ ಗುಟ್ಟು ಬೇರೆಯೇ ಇದೆ. ಬಾಣಾವರದ ಕಡೆಯ ಹಳ್ಳಗಳ ನೀರು ವೇದಾವತಿಗೆ ಸೇರಿ ಕೃಷ್ಣೆಯ ಪಾಲಾಗುತ್ತದೆ. ಬೇಲೂರಿನ ಯಗಚಿ ಹೇಮಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಎರಡು ಮಹಾನದಿಗಳ ನೀರನ್ನು ಬೇರ್ಪಡಿಸುವ ದಿಣ್ಣೆಯನ್ನು ನಾವು ಸೈಕಲ್ ಮೇಲೆ ದಾಟುತ್ತೇವೆ, ಅಲ್ಲಿ ಒಂದು ಕಲ್ಲೂ ನಿಂತು ಅದನ್ನು ಹೇಳುವುದಿಲ್ಲ. ಅರಸೀಕೆರೆಯ ತೆಂಗಿನ ತೋಟ, ಜಾಲಿ ಮುಳ್ಳು ಹಿಂದೆ ಸರಿದು ಗಾಳಿ ತಂಪಾಗಿ, ಪಡುವಣಕ್ಕೆ ಬಾಬಾಬುಡನ್‌ಗಿರಿ ಸಾಲು ನೀಲಿಯಾಗಿ ಎದ್ದಾಗ ಏನೋ ದಾಟಿಬಂದೆವು ಎಂದು ಮೈಗೆ ತಿಳಿಯುತ್ತದೆ. ನನಗೆ ಘಾಟಿಯ ತುದಿ ಮುಟ್ಟಿದ ಸಂತೋಷಕ್ಕಿಂತ ಈ ಸದ್ದಿಲ್ಲದ ದಾಟುವಿಕೆಯೇ ಹೆಚ್ಚು.

ತಪ್ಪು ಕಲ್ಪನೆ: ಗೇರ್ ಸೈಕಲ್ ಇದ್ದರೆ ಶಕ್ತಿ ಉಳಿಯುತ್ತದೆ, ಇಲ್ಲದಿದ್ದರೆ ಆಗದ ಮಾತು.

ವಾಸ್ತವ: ದಿಬ್ಬ ಹತ್ತಲು ಬೇಕಾದ ಶಕ್ತಿಯನ್ನು ಗೇರ್ ಕಡಿಮೆ ಮಾಡುವುದಿಲ್ಲ, ಕಂತುಗಳಲ್ಲಿ ಕಟ್ಟಲು ಬಿಡುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಸಾದಾ ಸೈಕಲ್ ಒಂದು ಸುತ್ತು ತುಳಿದರೆ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಹಿಂದೆ ಮುಂದೆ ಎರಡೂ ಕಡೆ 28 ಹಲ್ಲಿನ ಗೇರ್ ಹಾಕಿದರೆ ಎರಡು ಮೀಟರ್ ಮಾತ್ರ. ಕಂತು ಸಣ್ಣದಾದಷ್ಟೂ ಮಂಡಿಗೆ ಸುಖ.

ಬರೀ ಎತ್ತರದ ಲೆಕ್ಕ ಹಾಕಿ ನೋಡಿ. ಸವಾರ, ಸೈಕಲ್ ಸೇರಿ 80 ಕಿಲೋ ಭಾರವನ್ನು 170 ಮೀಟರ್ ಮೇಲೆತ್ತಲು ದೇಹ ಖರ್ಚು ಮಾಡುವುದು ಸುಮಾರು 130 ಕಿಲೋ ಕ್ಯಾಲೊರಿ. ಒಂದು ರಾಗಿಮುದ್ದೆ ಅದಕ್ಕಿಂತ ಹೆಚ್ಚು ಕೊಡುತ್ತದೆ. ಉಳಿದ ಶಕ್ತಿ ಗಾಳಿಗೆ, ರಸ್ತೆಯ ಒರಟಿಗೆ, ಮತ್ತೆ ಮತ್ತೆ ಇಳಿದು ಹತ್ತುವುದಕ್ಕೆ ಹೋಗುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡು ಗೇರಿಲ್ಲದ ಸೈಕಲ್ಲಿನಲ್ಲಿ ಇದೇ ದಿಬ್ಬಗಳನ್ನು ದಿನವೂ ದಾಟಿದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಏರು ಕಡಿದಾದಾಗ ಅವರು ಇಳಿದು ತಳ್ಳುತ್ತಿದ್ದರು. ಇಳಿದು ತಳ್ಳುವುದು ಸೋಲಲ್ಲ.

ತಪ್ಪು ಕಲ್ಪನೆ: ದಸರಾ ಕಳೆಯಿತು, ಮಳೆಯೂ ಮುಗಿಯಿತು.

ವಾಸ್ತವ: ಮುಂಗಾರು ಮುಗಿದಿರುತ್ತದೆ, ಹಿಂಗಾರು ಶುರುವಾಗಿರುತ್ತದೆ. ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, 24ರ ಸುಮಾರಿಗೆ ಸ್ವಾತಿ, ನವೆಂಬರ್ 6ರ ಸುಮಾರಿಗೆ ವಿಶಾಖೆ. ರೈತರ ಈ ಲೆಕ್ಕವನ್ನು ಸೈಕಲ್ ಸವಾರರೂ ಕಲಿಯಬೇಕು. ಬೆಳಿಗ್ಗೆ ಶುಭ್ರ ಆಕಾಶ, ಮಧ್ಯಾಹ್ನ ಮೂರರ ಮೇಲೆ ಗುಡುಗು: ಈ ಮಳೆಗಳ ರೀತಿಯೇ ಹೆಚ್ಚಾಗಿ ಹೀಗೆ. ಬಯಲಿನಲ್ಲಿ ಸಿಡಿಲಿಗೆ ಸಿಕ್ಕಿಕೊಳ್ಳುವುದು ಹುಡುಗಾಟವಲ್ಲ, ಒಂಟಿ ಮರದ ಕೆಳಗಂತೂ ನಿಲ್ಲಬಾರದು. ನಸುಕಿನಲ್ಲೇ ಹೊರಟುಬಿಡಿ.

ಈ ಕಾಲಕ್ಕೆ ಇನ್ನೊಂದು ಅನುಕೂಲವಿದೆ. ಆಷಾಢ, ಶ್ರಾವಣದಲ್ಲಿ ಪಡುವಣ ಗಾಳಿ ಎದೆಗೆ ಒದೆಯುತ್ತದೆ. ಹಿಂಗಾರಿನಲ್ಲಿ ಗಾಳಿ ಮೂಡಣಕ್ಕೆ ತಿರುಗಿ, ಬೇಲೂರಿನತ್ತ ಹೋಗುವವರ ಬೆನ್ನಿಗೆ ಬರುತ್ತದೆ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿರುವುದೂ ಈಗಲೇ. ಆ ಹಳದಿಗಾಗಿಯೇ ನಾನು ಬೇರೆ ತಿಂಗಳು ಹೊರಡುವುದಿಲ್ಲ.

ತಪ್ಪು ಕಲ್ಪನೆ: ಇಳಿಜಾರು ಅಂದರೆ ವಿಶ್ರಾಂತಿ.

ವಾಸ್ತವ: ಕಾಲಿಗೆ ಹೌದು, ಕಣ್ಣಿಗೆ ಅಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ, ಬ್ರೇಕ್ ಹಿಡಿಯಬೇಕೆಂದು ತೋಚುವ ಒಂದು ಸೆಕೆಂಡಿನಲ್ಲೇ ಸೈಕಲ್ ಎಂಟು ಮೀಟರ್ ಹೋಗಿಬಿಟ್ಟಿರುತ್ತದೆ. ಸುಗ್ಗಿ ಶುರುವಾದ ಮೇಲೆ ರಸ್ತೆಯೇ ಕಣ. ವಾಹನದ ಚಕ್ರ ತುಳಿದು ಒಕ್ಕಲಿ ಎಂದು ಹುರುಳಿ, ರಾಗಿ ಹರಡಿರುತ್ತಾರೆ. ಅದರ ಮೇಲೆ ಚಕ್ರ ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ನಾನು ಹಾಗೆ ಒಮ್ಮೆ ಬಿದ್ದು ಮೊಣಕೈ ತರಚಿಕೊಂಡೆ. ಕಣ ಕಂಡರೆ ಈಗ ದೂರದಿಂದಲೇ ಇಳಿದು ನಡೆಯುತ್ತೇನೆ. ಅದು ಯಾರದೋ ವರ್ಷದ ಅನ್ನ ಎಂಬುದೂ ಒಂದು ಕಾರಣ.

ತಪ್ಪು ಕಲ್ಪನೆ: ಹಳೇಬೀಡು ಬರುವವರೆಗೆ ನೋಡುವಂಥದ್ದೇನಿಲ್ಲ.

ವಾಸ್ತವ: ಹೊರಡುವ ಊರಲ್ಲೇ ಇದೆ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪಕ್ಕೆ ಸಾಟಿಯಾದದ್ದು ಹೊಯ್ಸಳ ನಾಡಿನಲ್ಲೇ ಅಪರೂಪ. ಜಾವಗಲ್‌ನಲ್ಲಿ ಲಕ್ಷ್ಮೀನರಸಿಂಹ ದೇವಾಲಯ. ಸ್ವಲ್ಪ ಬಳಸಿದರೆ ಬೆಳವಾಡಿಯ ವೀರನಾರಾಯಣ, ಅದರ ಮಂಟಪದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಪಟ್ಟಿಯ ಹೊರಗಿನ ಈ ಊರುಗಳಲ್ಲಿ ಕಾರಿನವರು ನಿಲ್ಲುವುದು ಕಡಿಮೆ. ನೀರಿಗೆಂದು ನಿಲ್ಲಲೇಬೇಕಾದ ಸೈಕಲ್ಲಿನವರಿಗೆ ಅವು ಸಿಗುತ್ತವೆ.

ತಪ್ಪು ಕಲ್ಪನೆ: ಒಬ್ಬರೇ ಹೋದರೆ ಮಾತಿಗೂ ಜನವಿಲ್ಲ.

ವಾಸ್ತವ: ಗುಂಪಿನಲ್ಲಿ ಹೋದಾಗ ನಮ್ಮನಮ್ಮಲ್ಲೇ ಮಾತು. ಒಬ್ಬನೇ ಇದ್ದಾಗ ಎಳನೀರು ಕೆತ್ತುವ ಅಜ್ಜಿ "ಎತ್ಲಿಂದ ಬಂದೆ ಮಗ?" ಎನ್ನುತ್ತಾಳೆ, ಅಲ್ಲಿಂದ ಅರ್ಧ ಗಂಟೆ ಹೋಗುತ್ತದೆ. ಆದರೂ ಯಾವ ದಾರಿ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಹೇಳಿ ಹೊರಡಿ. ಎರಡು ಟ್ಯೂಬ್, ಪಂಪು ಜೊತೆಗಿರಲಿ. ಜಾಲಿ ಮುಳ್ಳು ಯಾರನ್ನೂ ಬಿಡುವುದಿಲ್ಲ.

ತಪ್ಪು ಕಲ್ಪನೆ: ಸೈಕಲ್ಲನ್ನು ರೈಲಿಗೆ ಹಾಕಲಾಗದು.

ವಾಸ್ತವ: ಅರಸೀಕೆರೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು ಕಡೆಯ ಹಳಿ ಕೂಡುವುದು ಇಲ್ಲೇ. ಲಗೇಜ್ ಬೋಗಿ ಇರುವ ರೈಲಾದರೆ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಬಹುದು. ಬೇಲೂರಿನಿಂದ ಮರಳುವವರು ಮರುದಿನ ಹಾಸನಕ್ಕೆ ತುಳಿದು, ಅಲ್ಲಿ ರೈಲು ಹತ್ತಬಹುದು. ಹೆಸರು, ಊರು ಬರೆದ ಚೀಟಿಯನ್ನು ಹ್ಯಾಂಡಲ್‌ಗೆ ಗಟ್ಟಿಯಾಗಿ ಕಟ್ಟಿ.