ಪರಂಗಿ, ನುಗ್ಗೆ, ಸಾಸಿವೆ: ಒಂದೇ ಮನೆತನ

ಹುಳಿಯಾರು ಸುತ್ತಿನ ತೆಂಗಿನ ತೋಟಗಳ ಬದುವಿನಲ್ಲಿ ನುಗ್ಗೆ ಮರ, ನೀರು ಹರಿಯುವ ಕಡೆ ಪರಂಗಿ ಗಿಡ ಕಾಣುವುದು ಸಾಮಾನ್ಯ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆಯೂ ಇರುತ್ತದೆ. ನೋಡಲು ಈ ಮೂರಕ್ಕೂ ನಂಟೇ ಇಲ್ಲ. ಆದರೆ ಪರಂಗಿ ಬೀಜ ಅಗಿದರೆ ಸಾಸಿವೆಯಂಥದೇ ಖಾರ ಮೂಗಿಗೇರುತ್ತದೆ. ನುಗ್ಗೆ ಬೇರು ಜಜ್ಜಿದರೂ ಅದೇ ಘಾಟು. ಮೂರರಲ್ಲೂ ಗ್ಲುಕೋಸಿನೋಲೇಟ್ ಎಂಬ ಗಂಧಕ ಬೆರೆತ ರಾಸಾಯನಿಕಗಳಿರುವುದೇ ಇದಕ್ಕೆ ಕಾರಣ.

ಹತ್ತೊಂಬತ್ತನೆಯ ಶತಮಾನದ ಬೆಂಥಮ್–ಹೂಕರ್ ವರ್ಗೀಕರಣ ಹೂವಿನ ರಚನೆಯನ್ನು ನೋಡಿ ಈ ಮೂರನ್ನೂ ಬೇರೆ ಬೇರೆ ಕಡೆ ಇರಿಸಿತ್ತು. ಘಾಟಿನ ಸುಳಿವು ಹಿಡಿದ ಕೆಲವು ಸಸ್ಯವಿಜ್ಞಾನಿಗಳಿಗೆ ಅನುಮಾನವಿತ್ತು. ಅದನ್ನು ತೀರಿಸಿದ್ದು ಡಿಎನ್‌ಎ.

ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್‌ನೊಳಗೆ ಅದರದೇ ಡಿಎನ್‌ಎ ಇದೆ. ಅಲ್ಲಿನ ಆರ್‌ಬಿಸಿಎಲ್ ಎಂಬ ಜೀನು ಗಾಳಿಯ ಇಂಗಾಲವನ್ನು ಆಹಾರವಾಗಿಸುವ ಪ್ರೋಟೀನಿನ ಒಂದು ಭಾಗವನ್ನು ರೂಪಿಸುತ್ತದೆ. ಅದು ಕೆಟ್ಟರೆ ಗಿಡಕ್ಕೆ ಉಳಿವಿಲ್ಲ. ಹಾಗಾಗಿ ಅದು ಬದಲಾಗುವುದು ಬಹಳ ನಿಧಾನ. ಓಲೆಗರಿ ಪ್ರತಿ ಮಾಡುವವನ ಕೈತಪ್ಪು ಮುಂದಿನ ಪ್ರತಿಗಳಿಗೂ ಇಳಿದುಬರುವಂತೆ, ಈ ಅಪರೂಪದ ಬದಲಾವಣೆಗಳೂ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತವೆ. ಎರಡು ಗಿಡಗಳಲ್ಲಿ ಒಂದೇ ಬಗೆಯ ಬದಲಾವಣೆಗಳು ಹೆಚ್ಚು ಸಿಕ್ಕರೆ ಅವುಗಳ ಪೂರ್ವಜ ಹತ್ತಿರದ್ದು ಎಂದು ತಿಳಿಯಬಹುದು.

1993ರಲ್ಲಿ ಮಾರ್ಕ್ ಚೇಸ್ ಮತ್ತು ನಲವತ್ತಕ್ಕೂ ಹೆಚ್ಚು ಸಹ ಸಂಶೋಧಕರು 499 ಬೀಜಸಸ್ಯಗಳ ಈ ಜೀನನ್ನು ಹೋಲಿಸಿ ದೊಡ್ಡ ವಂಶವೃಕ್ಷವೊಂದನ್ನು ಪ್ರಕಟಿಸಿದರು. ಅದರ ಬೆನ್ನಿಗೇ 1998ರಲ್ಲಿ ಎಪಿಜಿ ಎಂಬ ಹೊಸ ವರ್ಗೀಕರಣ ಬಂತು. 2016ರ ಅದರ ನಾಲ್ಕನೆಯ ಆವೃತ್ತಿಯಲ್ಲಿ ಹೂಬಿಡುವ ಸಸ್ಯಗಳ 64 ಗಣಗಳು, 416 ಕುಟುಂಬಗಳಿವೆ. ಪರಂಗಿ, ನುಗ್ಗೆ, ಸಾಸಿವೆ ಮೂರೂ ಅಲ್ಲಿ ಬ್ರಾಸಿಕೇಲ್ಸ್ ಎಂಬ ಒಂದೇ ಗಣದಲ್ಲಿವೆ. ಅದರಲ್ಲೂ ಪರಂಗಿಗೂ ನುಗ್ಗೆಗೂ ಬಹಳ ಹತ್ತಿರದ ನಂಟು.

ತೋಟದ ಉಳಿದ ಗಿಡಗಳ ನಂಟೂ ಹೀಗೆಯೇ ಸ್ಪಷ್ಟವಾಯಿತು. ತೆಂಗು, ಅಡಿಕೆ, ಬಾಳೆ, ಅರಿಶಿನ, ರಾಗಿ ಎಲ್ಲವೂ ಕಾಮೆಲಿನಿಡ್ ಎಂಬ ದೊಡ್ಡ ಬಳಗದವು. ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದೆಲೆ, ಮೆಣಸಿನ ಬಳ್ಳಿಗಳು ಆ ಬಳಗಕ್ಕೆ ಸೇರದೆ, ಸಂಪಿಗೆ, ಸೀತಾಫಲಗಳ ಕಡೆಯ ಪುರಾತನ ಕವಲಿನಲ್ಲಿ ನಿಲ್ಲುತ್ತವೆ.

ತೆಂಗಿನೊಳಗೂ ಕವಲುಗಳಿವೆ. 2011ರಲ್ಲಿ ಬೀ ಗನ್, ಲುಕ್ ಬೋದ್ವಾ, ಕೆನೆತ್ ಓಲ್ಸೆನ್ ಅವರು ಜಗತ್ತಿನ 1,300ಕ್ಕೂ ಹೆಚ್ಚು ತೆಂಗಿನ ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಎರಡು ಪ್ರಧಾನ ಗುಂಪುಗಳು ಸಿಕ್ಕವು: ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ್ದು. ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪದ ಆಸುಪಾಸಿನಲ್ಲಿ ಮನುಷ್ಯ ತೆಂಗನ್ನು ಸ್ವತಂತ್ರವಾಗಿಯೇ ಕೃಷಿಗೆ ತಂದನೆಂದು ಅವರು ತರ್ಕಿಸಿದರು.

ಈ ತಿಳಿವಳಿಕೆಗೆ ತೋಟದಲ್ಲೂ ಬೆಲೆಯಿದೆ. ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಟಾಲ್ ತಳಿಯ ಮರಗಳು ಪರಪರಾಗಸ್ಪರ್ಶದಿಂದ ಹುಟ್ಟುವುದರಿಂದ ಒಂದೊಂದರ ಡಿಎನ್‌ಎಯೂ ಒಂದಿಷ್ಟು ಬೇರೆ. ಬರ, ನುಸಿ ಪೀಡೆಗಳನ್ನು ತಾಳಿ ಇಂದಿಗೂ ಚೆನ್ನಾಗಿ ಕಾಯಿ ಬಿಡುವ ಹಳೆಯ ಮರ ಮುಂದಿನ ತಳಿಗೆ ತಾಯಿಯಾಗಬಲ್ಲದು. ಕಡಿದರೆ ಅದರೊಂದಿಗೆ ಆ ಡಿಎನ್‌ಎಯೂ ಹೋಗುತ್ತದೆ. ಹೊಸ ಸಸಿ ನೆಡುವ ರೈತರು ಮೊದಲು ಅಂಥ ಮರಗಳನ್ನು ಗುರುತಿಸಿ, ಅವುಗಳ ಕಾಯಿಯನ್ನು ಬಿತ್ತನೆಗೆ ಎತ್ತಿಡಬೇಕು.